ಮೀನನ್ನು ಮರುಳುಗೊಳಿಸುವ ಮೀನು

ಮೆದುವಾದ ಒಂದು ಬೊಂಬೆ, ಒಂದು ಕೊಕ್ಕೆ, ಕೂದಲೆಳೆಯಷ್ಟು ನೇರ — ಅಮೆರಿಕದ ಬಾಸ್ ಬೇಟೆಯ ಹಿಂದಿರುವ ಸೂಕ್ಷ್ಮ ಕಲೆ

೨೦೦೬ನೆಯ ಇಸವಿ ಮಾರ್ಚ್ ತಿಂಗಳ ೨೦ನೆಯ ದಿನ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣದಲ್ಲಿ ಎಸ್ಕಾಂಡಿಡೊ ಎಂಬ ಊರಿದೆ. ಆ ಊರಿನ ಗುಡ್ಡಗಳ ನಡುವೆ ಡಿಕ್ಸನ್ ಎಂಬ ಪುಟ್ಟ ಜಲಾಶಯ. ವಿಸ್ತಾರ ಸುಮಾರು ೭೦ ಎಕರೆ. ನಮ್ಮ ಕಡೆಯ ಒಂದು ದೊಡ್ಡ ಕೆರೆಗೂ ಅದು ಸಾಟಿಯಾಗಲಾರದು. ಅಂದು ಬೆಳಿಗ್ಗೆ ಬಹುಕಾಲದ ಮೂವರು ಗೆಳೆಯರು ದೋಣಿಯಲ್ಲಿ ಕುಳಿತು, ನೀರಿನೊಳಗೆ ಕಪ್ಪಗೆ ಕಾಣುತ್ತಿದ್ದ ಒಂದು ಭಾರಿ ಮೀನಿನ ಕಡೆಗೆ ಗಾಳ ಎಸೆಯುತ್ತಿದ್ದರು. ಕೊನೆಗೊಮ್ಮೆ ಮ್ಯಾಕ್ ವೀಕ್ಲಿ ಎಂಬಾತನ ಕೋಲು ಬಾಗಿತು. ಮೀನು ಮೇಲೆ ಬಂದಿತು. ಕೈತಕ್ಕಡಿಗೆ ಸಿಕ್ಕಿಸಿ ನೋಡಿದಾಗ ಮೂವರೂ ಮೂಕರಾದರು. ತಕ್ಕಡಿ ತೋರಿಸಿದ್ದು ೨೫ ಪೌಂಡು ೧ ಔನ್ಸು!

ಆ ಜಾತಿಯ ಮೀನಿನ ವಿಶ್ವದಾಖಲೆ ಆಗ ೨೨ ಪೌಂಡು ೪ ಔನ್ಸು. ಎಪ್ಪತ್ತಮೂರು ವರ್ಷಗಳಿಂದ ಅದನ್ನು ಯಾರೂ ಮುರಿದಿರಲಿಲ್ಲ. ಮುರಿದವನಿಗೆ ಕೀರ್ತಿಯೂ ಹಣವೂ ಕಾದಿದ್ದುವು. ಭಾಗ್ಯಲಕ್ಷ್ಮಿಯೇ ದೋಣಿ ಏರಿ ಬಂದಂತಾಗಿತ್ತು.

ಆದರೆ ಒಂದು ತೊಡಕಿತ್ತು. ಕೊಕ್ಕೆ ಮೀನಿನ ಬಾಯಲ್ಲಿರಲಿಲ್ಲ; ಬೆನ್ನಿನ ರೆಕ್ಕೆಯ ಕೆಳಗೆ ಮೈಗೆ ಚುಚ್ಚಿಕೊಂಡಿತ್ತು. ಮೀನು ತಾನಾಗಿ ಬಾಯಿ ತೆರೆದು ಎರೆಯನ್ನು ಹಿಡಿಯಬೇಕು ಎಂಬುದು ಆ ಬೇಟೆಯ ನಿಯಮ. ಗೆಳೆಯರು ಭಾವಚಿತ್ರ ತೆಗೆದರು, ಮೀನನ್ನು ನೀರಿಗೆ ಬಿಟ್ಟರು. ಮುಂದೆ ದಾಖಲೆಗಾಗಿ ಅರ್ಜಿಯನ್ನೂ ಹಾಕಲಿಲ್ಲ.

ಅಷ್ಟು ದೊಡ್ಡ ಮೀನು ಕೈಗೆ ಬಂದಮೇಲೆ ಕೊಕ್ಕೆ ಎಲ್ಲಿ ಸಿಕ್ಕಿದರೇನು ಎಂದು ಹೊರಗಿನವರಿಗೆ ತೋರಬಹುದು. ಈ ಹವ್ಯಾಸದ ಸಾರವೆಲ್ಲ ಅಡಗಿರುವುದು ಅಲ್ಲಿಯೇ. ಇದು ಮೀನನ್ನು ಎಳೆದು ತರುವ ಆಟವಲ್ಲ, ನಂಬಿಸುವ ಆಟ. ಆ ನಂಬಿಕೆಯನ್ನು ಗಳಿಸುವುದಕ್ಕಾಗಿ ಹುಟ್ಟಿದ ಸಾಧನಗಳಲ್ಲೆಲ್ಲ ಅತ್ಯಂತ ಸೋಜಿಗವಾದುದು ಬೆರಳುದ್ದದ ಒಂದು ಮೆದು ಬೊಂಬೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ವಿಮ್‌ಬೇಟ್’ ಎಂದು ಹೆಸರು. ಈಜುವ ಎರೆ ಎಂದು ಅರ್ಥ.

ಬಾಯಿಬಡುಕ ಬೇಟೆಗಾರ

ಮೊದಲು ಬಾಸ್ ಮೀನಿನ ಪರಿಚಯ ಮಾಡಿಕೊಳ್ಳಬೇಕು. ಇದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ಹಸುರು ಛಾಯೆಯ ಮೈ, ಪಕ್ಕೆಯ ಉದ್ದಕ್ಕೂ ಕಾಡಿಗೆ ತೀಡಿದಂಥ ಒಂದು ಕಪ್ಪು ಪಟ್ಟೆ. ಬಾಯಿ ಎಷ್ಟು ದೊಡ್ಡದೆಂದರೆ ದವಡೆಯ ತುದಿ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ‘ದೊಡ್ಡಬಾಯಿ ಬಾಸ್’ ಎಂದು ಇದನ್ನು ಕರೆಯುವುದು ಅದಕ್ಕಾಗಿಯೇ. ಗಾತ್ರದಲ್ಲಿ ಇದು ಅಂಥ ಭೀಮಕಾಯವೇನೂ ಅಲ್ಲ. ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗನ್ ಮನೆತನದವರೊಬ್ಬರು ೧೯೪೬ರಲ್ಲಿ ಹಿಡಿದ ಮಾಹಶೀರ್ ಮೀನು ೧೨೦ ಪೌಂಡು ತೂಗಿತ್ತು. ಅದರ ಮುಂದೆ ಹತ್ತು ಪೌಂಡಿನ ಬಾಸ್ ಮರಿಯಿದ್ದಂತೆ. ಆದರೂ ಅಮೆರಿಕದಲ್ಲಿ ಹತ್ತು ಪೌಂಡಿನ ಬಾಸ್ ಹಿಡಿದವನು ಅದನ್ನು ಜನ್ಮವಿಡೀ ನೆನೆಯುತ್ತಾನೆ.

ಈ ಮೀನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೊಂಚಿ ಕೂರುವುದು ಹೆಚ್ಚು. ನೀರೊಳಗಿನ ಮರದ ಬೊಡ್ಡೆ, ಕಳೆಯ ಅಂಚು, ಬಂಡೆಯ ನೆರಳು ಇದರ ನೆಲೆಗಳು. ಪುಟ್ಟ ಮೀನೊಂದು ಹಾದುಹೋದರೆ ನುಗ್ಗಿ, ಕಣ್ಣು ಮಿಟುಕಿಸುವುದರೊಳಗೆ ಬಾಯನ್ನು ಅಗಲಿಸುತ್ತದೆ. ಬಾಯಿ ಹಿಗ್ಗಿದ ರಭಸಕ್ಕೆ ನೀರು ಒಳಕ್ಕೆ ಹೀರಲ್ಪಡುತ್ತದೆ. ನೀರಿನೊಂದಿಗೆ ಬಡಪಾಯಿ ಮೀನೂ ಒಳಗೆ ಸೇರುತ್ತದೆ. ಅದಕ್ಕೆ ಕೈಯಿಲ್ಲ, ಮುಟ್ಟಿ ನೋಡಲು ಬೆರಳಿಲ್ಲ. ಬಾಯೊಳಕ್ಕೆ ಬಂದುದು ಹಿಡಿಸದಿದ್ದರೆ ಅಷ್ಟೇ ಬೇಗನೆ ಉಗಿದುಬಿಡುತ್ತದೆ. ಬೇಟೆಗಾರನಿಗೆ ಸಿಗುವ ಅವಕಾಶ ಈ ಹೀರುವುದಕ್ಕೂ ಉಗಿಯುವುದಕ್ಕೂ ನಡುವಣ ಕ್ಷಣಮಾತ್ರ.

ಇನ್ನೊಂದು ಸಂಗತಿ. ಮೀನಿಗೆ ಕಣ್ಣಲ್ಲದೆ ಪಕ್ಕೆಯಲ್ಲಿಯೂ ಒಂದು ಇಂದ್ರಿಯವಿದೆ. ಕಿವಿರಿನಿಂದ ಬಾಲದವರೆಗೆ ಸಾಗುವ ಒಂದು ಸೂಕ್ಷ್ಮ ರೇಖೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಗ್ರಹಿಸಬಲ್ಲುದು. ಆದ್ದರಿಂದ ಕಲಕಿದ ನೀರಿನಲ್ಲಿಯೂ ನಸುಗತ್ತಲೆಯಲ್ಲಿಯೂ ಬಾಸ್‌ಗೆ ತನ್ನ ಊಟದ ಸುಳಿವು ದೊರೆಯುತ್ತದೆ. ಬೊಂಬೆಯು ಮೀನಿನಂತೆ ಕಂಡರೆ ಸಾಲದು, ಮೀನಿನಂತೆ ನೀರನ್ನು ಅಲುಗಿಸಲೂ ಬೇಕು.

ಒಲೆಯ ಮೇಲೆ ಹುಟ್ಟಿದ ಹುಳು

ಹಿಂದೆ ಹುಸಿ ಎರೆಗಳನ್ನು ಮರದಿಂದ ಕಡೆಯುತ್ತಿದ್ದರು. ೧೯೩೨ರ ಜೂನ್ ೨ರಂದು ಜಾರ್ಜಿಯ ರಾಜ್ಯದ ಮಾಂಟ್‌ಗೊಮರಿ ಎಂಬ ಮಡುವಿನಲ್ಲಿ ಜಾರ್ಜ್ ಪೆರಿ ಎಂಬ ಯುವಕ ರೈತ ೨೨ ಪೌಂಡು ೪ ಔನ್ಸಿನ ಮೀನನ್ನು ಹಿಡಿದದ್ದು ಅಂಥ ಮರದ ಎರೆಯಿಂದಲೇ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಪೆರಿ ಮೀನನ್ನು ತೂಗಿಸಿ ಬರೆಸಿದ, ಮನೆಗೆ ಒಯ್ದ, ಮನೆಮಂದಿ ಅದನ್ನು ಅಡುಗೆ ಮಾಡಿ ಉಂಡರು. ವಿಶ್ವದಾಖಲೆಯ ಮೀನು ಹೀಗೆ ಬಾಣಲೆಯಲ್ಲಿ ಕೊನೆಗೊಂಡಿತು. ಅವನ ದಾಖಲೆಗೆ ಸರಿಸಮನಾದ ಮೀನು ಸಿಕ್ಕಿದ್ದು ೨೦೦೯ರ ಜುಲೈ ೨ರಂದು, ಅದೂ ಜಪಾನಿನ ಬಿವಾ ಸರೋವರದಲ್ಲಿ, ಮನಾಬು ಕುರಿತಾ ಎಂಬಾತನಿಗೆ. ಅವನ ಮೀನು ಒಂದು ಔನ್ಸಿನಷ್ಟು ಹೆಚ್ಚು ತೂಗಿದರೂ, ಹಳೆಯ ದಾಖಲೆಯನ್ನು ಮುರಿಯಲು ಕನಿಷ್ಠ ಎರಡು ಔನ್ಸಿನ ಅಂತರವಿರಬೇಕೆಂಬ ನಿಯಮದಿಂದಾಗಿ ಇಬ್ಬರನ್ನೂ ಸಮಾನರೆಂದು ಘೋಷಿಸಲಾಯಿತು.

ಮರದ ಎರೆಗೆ ಒಂದು ದೊಡ್ಡ ದೋಷವಿತ್ತು. ಕಣ್ಣಿಗೆ ಮೋಸವಾದರೂ ಬಾಯಿಗೆ ಆಗುತ್ತಿರಲಿಲ್ಲ. ಗಡುಸಾದ ವಸ್ತು ತಗುಲಿದೊಡನೆ ಮೀನು ಉಗಿದುಬಿಡುತ್ತಿತ್ತು. ಪರಿಹಾರ ಬಂದದ್ದು ಓಹಾಯೊ ರಾಜ್ಯದ ಅಕ್ರಾನ್ ಪಟ್ಟಣದ ಒಂದು ಅಡುಗೆಮನೆಯಿಂದ. ಅಕ್ರಾನ್ ಎಂದರೆ ಟೈರುಗಳ ತವರು. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ವಿಧಾನವನ್ನು ವಾಲ್ಡೊ ಸೆಮನ್ ಎಂಬ ರಸಾಯನಶಾಸ್ತ್ರಜ್ಞ ೧೯೨೬ರಲ್ಲಿ ಕಂಡುಹಿಡಿದದ್ದೂ ಅದೇ ಊರಿನ ಗುಡ್‌ರಿಚ್ ಕಂಪನಿಯಲ್ಲಿ. ೧೯೪೯ರಲ್ಲಿ ನಿಕ್ ಕ್ರೀಮ್ ಎಂಬ ಯಂತ್ರಕುಶಲಿಯೂ ಅವನ ಹೆಂಡತಿ ಕಾಸ್ಮಾಳೂ ಮನೆಯ ಒಲೆಯ ಮೇಲೆಯೇ ಪ್ಲಾಸ್ಟಿಕ್, ಎಣ್ಣೆ, ಬಣ್ಣಗಳನ್ನು ಕಾಯಿಸಿ ಅಚ್ಚಿಗೆ ಎರೆದು ಒಂದು ಎರೆಹುಳುವನ್ನು ತಯಾರಿಸಿದರು. ಮುಟ್ಟಿದರೆ ನಿಜವಾದ ಹುಳುವಿನಂತೆಯೇ ಮೆದು; ನೀರಿನಲ್ಲಿ ಅದರಂತೆಯೇ ಬಳುಕು. ಅಂಚೆಯ ಮೂಲಕ ಮಾರಾಟಕ್ಕೆ ಬಂದ ಆ ಹುಳು ಕೆಲವೇ ವರ್ಷಗಳಲ್ಲಿ ಬಾಸ್ ಬೇಟೆಯ ರೀತಿಯನ್ನೇ ಬದಲಾಯಿಸಿಬಿಟ್ಟಿತು.

ಈಗಲೂ ತಯಾರಿಸುವ ಬಗೆ ಹೆಚ್ಚು ಬದಲಾಗಿಲ್ಲ. ಕಾಯಿಸುವ ಮೊದಲು ದ್ರವವು ನೀರಾದ ದೋಸೆಹಿಟ್ಟಿನಂತೆ ಬೆಳ್ಳಗಿರುತ್ತದೆ. ಕಾವು ಏರಿದಂತೆ ಗಟ್ಟಿಯಾಗಿ, ಸುಮಾರು ೧೭೫ ಡಿಗ್ರಿ ಸೆಂಟಿಗ್ರೇಡಿಗೆ ಬಂದಾಗ ತಿಳಿಯಾಗಿ ಹರಿಯುತ್ತದೆ. ಬಣ್ಣ, ಮಿಂಚು, ಕೆಲವೊಮ್ಮೆ ಉಪ್ಪನ್ನೂ ಬೆರೆಸಿ ಅಚ್ಚಿಗೆ ಹೊಯ್ದರೆ ಆರಿದ ಮೇಲೆ ಮೆದುವಾದ ಬೊಂಬೆ ಸಿದ್ಧ.

ಹುಳುವಿನ ಬಳಿಕ ಮೀನಿನ ಸರದಿ. ಮೆದು ಮೀನಿನ ಜೀವವಿರುವುದು ಅದರ ಬಾಲದಲ್ಲಿ. ತೆಳುವಾದ ಕಾಂಡ, ಅದರ ತುದಿಯಲ್ಲಿ ಅಡ್ಡಲಾಗಿ ನಿಂತ ಒಂದು ಬಿಲ್ಲೆ, ನೋಡಲು ಪುಟ್ಟ ಬೂಟಿನ ಅಟ್ಟೆಯಂತೆ. ಎಳೆದಾಗ ನೀರು ಬಿಲ್ಲೆಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ; ಕಾಂಡ ಬಾಗಿ ಮತ್ತೆ ಚಿಮ್ಮುತ್ತದೆ; ಮರುಗಳಿಗೆಗೆ ಇನ್ನೊಂದು ಪಕ್ಕ. ಹೀಗೆ ಬಾಲ ಟಪಟಪನೆ ಬಡಿಯುತ್ತಿದ್ದರೆ ಇಡೀ ಮೈ ಮೆಲ್ಲಗೆ ತೊನೆಯುತ್ತದೆ. ಕೀಲಿಲ್ಲ, ಯಂತ್ರವಿಲ್ಲ, ನೀರೇ ಅದಕ್ಕೆ ಪ್ರಾಣ ತುಂಬುತ್ತದೆ.

ಕೊಕ್ಕೆ ಹೂಡುವ ಪರಿ

ಅಂಗಡಿಯಿಂದ ತಂದ ಬೊಂಬೆಗೆ ಕೊಕ್ಕೆಯಿರುವುದಿಲ್ಲ. ಅದನ್ನು ಹೂಡುವ ಕೆಲಸ ಬೇಟೆಗಾರನದೇ. ಬಾಸ್ ನಂಬುವುದೂ ನಂಬದಿರುವುದೂ ಬಹಳಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ. ಎರಡು ನಿಮಿಷದ ಕೆಲಸವಾದರೂ ಅವಸರದವರಿಗೆ ಇದು ಒಲಿಯದು.

ಅತ್ಯಂತ ಸರಳವಾದುದು ಸೀಸದ ತಲೆಯ ಕೊಕ್ಕೆ. ಕೊಕ್ಕೆಯ ಕಣ್ಣಿನ ಬಳಿ ಗುಂಡಾದ ಅಥವಾ ಮೀನಿನ ತಲೆಯಾಕಾರದ ಸೀಸವನ್ನು ಎರಕ ಹೊಯ್ದಿರುತ್ತಾರೆ. ತೂಕ ಸಾಮಾನ್ಯವಾಗಿ ಮೂರೂವರೆ ಗ್ರಾಮಿನಿಂದ ಹದಿನಾಲ್ಕು ಗ್ರಾಮಿನವರೆಗೆ. ಆಳ ಹೆಚ್ಚಿದಷ್ಟೂ, ಗಾಳಿ ಬೀಸಿದಷ್ಟೂ ತೂಕವೂ ಹೆಚ್ಚಬೇಕು.

ಮೊದಲ ಹೆಜ್ಜೆ ಅಳತೆ. ಕೊಕ್ಕೆಯನ್ನು ಬೊಂಬೆಯ ಪಕ್ಕದಲ್ಲಿ ಹಿಡಿದು, ಸೀಸದ ತಲೆ ಬೊಂಬೆಯ ಮೂತಿಗೆ ತಾಗಿದಾಗ ಕೊಕ್ಕೆಯ ಬಾಗು ಎಲ್ಲಿಗೆ ಬರುತ್ತದೆಂಬುದನ್ನು ಉಗುರಿನಿಂದ ಗುರುತು ಮಾಡಿಕೊಳ್ಳಬೇಕು. ಮೊನೆ ಹೊರಬರಬೇಕಾದದ್ದು ಆ ಗುರುತಿನಲ್ಲಿಯೇ. ಅನಂತರ ಮೂತಿಯ ನಟ್ಟನಡುವೆ ಮೊನೆಯನ್ನು ಚುಚ್ಚಿ, ಬೊಂಬೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಕ್ಕೆಯ ಮೇಲಕ್ಕೆ ಏರಿಸುತ್ತ ಹೋಗಬೇಕು. ಲಂಗದ ನೆರಿಗೆಗೆ ಲಾಡಿ ಪೋಣಿಸುವ ಗೃಹಿಣಿ ಪಿನ್ನನ್ನು ಬೆರಳಿನಿಂದ ತಡವುತ್ತ ಮುಂದೆ ಸರಿಸುವಂತೆ, ಇಲ್ಲಿಯೂ ಮೊನೆ ಎಲ್ಲಿದೆಯೆಂಬುದು ಬೆರಳಿಗೆ ತಿಳಿಯುತ್ತಿರಬೇಕು. ಮೊನೆ ಬೆನ್ನಿನ ನಡುಗೆರೆಯ ಮೇಲೆ, ಗುರುತಿಟ್ಟಲ್ಲಿ ಹೊರಬಂದರೆ ಕೆಲಸ ಸಾರ್ಥಕ.

ನಡುಗೆರೆ ತಪ್ಪಿ ಒಂದು ಪಕ್ಕಕ್ಕೆ ಬಂದರೆ ಬೊಂಬೆ ನೀರಿನಲ್ಲಿ ವಾಲಿ, ಗಿರ್ರನೆ ತಿರುಗತೊಡಗುತ್ತದೆ. ಗುರುತಿಗಿಂತ ಹಿಂದೆ ಬಂದರೆ ಮೈ ಮುದುರಿ ಗೂನು ಬೀಳುತ್ತದೆ. ಮುಂದೆ ಬಂದರೆ ಬೊಂಬೆ ಸೆಟೆದು ಸೀಳುತ್ತದೆ. ಗೂನುಬೆನ್ನಿನ ಮೀನು, ತಕಲಿಯಂತೆ ತಿರುಗುವ ಮೀನು ಯಾವ ಕೆರೆಯಲ್ಲಿಯೂ ಇಲ್ಲವೆಂಬುದು ಬಾಸ್‌ಗೆ ಚೆನ್ನಾಗಿ ಗೊತ್ತು. ಆ ತಿರುಗುವಿಕೆಯಿಂದ ದಾರವೂ ಹುರಿಗೊಂಡು ಸಿಕ್ಕಾಗುತ್ತದೆ. ಆದ್ದರಿಂದ ತಪ್ಪಿದವನು ಬೊಂಬೆಯನ್ನು ಹೊರತೆಗೆದು ಮತ್ತೆ ಪೋಣಿಸಬೇಕು. ಮತ್ತೆ ಮತ್ತೆ ಚುಚ್ಚಿದರೆ ಮೂತಿ ಸಡಿಲವಾಗುತ್ತದೆ. ಆಗ ಒಂದು ತೊಟ್ಟು ಅಂಟನ್ನು ಹಚ್ಚಿ ಸೀಸದ ತಲೆಗೆ ಕೂಡಿಸುವುದುಂಟು.

ಬಯಲು ನೀರಿನಲ್ಲಿ ಈ ವಿಧಾನ ಸೊಗಸು. ಆದರೆ ಬಾಸ್ ಇರುವುದು ಕಳೆಯಲ್ಲಿ, ಮುಳುಗಿದ ಮರಗಳ ನಡುವೆ. ಅಲ್ಲಿ ಹೊರಗೆ ಚಾಚಿದ ಮೊನೆ ಮೀನಿಗಿಂತ ಮೊದಲು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡುಗಳು ಅಮೆರಿಕದ ದಕ್ಷಿಣದ ಎಷ್ಟೋ ಜಲಾಶಯಗಳ ತಳದಲ್ಲಿ ಹಾಗೆಯೇ ಉಳಿದಿವೆ. ಅಂಥ ನೀರಿಗಾಗಿಯೇ ಹುಟ್ಟಿದುದು ಮೊನೆಯನ್ನು ಮರೆಸುವ ಹೂಟ. ಪ್ಲಾಸ್ಟಿಕ್ ಹುಳುವಿನ ಕಾಲದಲ್ಲಿ ಟೆಕ್ಸಸ್ ರಾಜ್ಯದಲ್ಲಿ ಬಳಕೆಗೆ ಬಂದುದರಿಂದ ಅದಕ್ಕೆ ‘ಟೆಕ್ಸಸ್ ಹೂಟ’ವೆಂದೇ ಹೆಸರು.

ಮೆದು ಮೀನಿಗಾಗಿ ಈ ಹೂಟವನ್ನು ಇನ್ನಷ್ಟು ತಿದ್ದಲಾಗಿದೆ. ಇಲ್ಲಿಯ ಕೊಕ್ಕೆಯ ಬಾಗು ಅಗಲ. ಕಣ್ಣಿಗೆ ಒಂದು ಪುಟ್ಟ ಸುರುಳಿತಂತಿ ಜೋಡಿಸಿರುತ್ತದೆ. ಸೀಸ ತಲೆಯಲ್ಲಿಲ್ಲದೆ ಕೊಕ್ಕೆಯ ದಂಡದ ಮೇಲೆ, ಎಂದರೆ ಬೊಂಬೆಯ ಹೊಟ್ಟೆಯ ಕೆಳಗೆ ಇರುತ್ತದೆ. ಸುರುಳಿಯನ್ನು ಮೂತಿಯ ನಡುವೆ ತಿರುಪಿನಂತೆ ತಿರುಗಿಸಿ ಕೂರಿಸಬೇಕು. ಆಮೇಲೆ ಕೊಕ್ಕೆಯನ್ನು ಹೊಟ್ಟೆಗೆ ಹಿಡಿದು ಅಳೆದು, ಮೊನೆಯನ್ನು ಹೊಟ್ಟೆಯಿಂದ ನೇರ ಮೇಲಕ್ಕೆ ಚುಚ್ಚಿ ಬೆನ್ನಿನಲ್ಲಿ ಹೊರತೆಗೆಯಬೇಕು. ಹೊರಬಂದ ಮೊನೆಯ ತುದಿಯನ್ನು ಬೆನ್ನಿನ ಚರ್ಮದೊಳಗೆ ಅಕ್ಕಿಕಾಳಿನಷ್ಟು ಮರೆಸಿಟ್ಟರೆ ಹೂಟ ಪೂರ್ಣವಾಯಿತು. ಕಳೆ ತಾಗಿದರೆ ಬೊಂಬೆ ಜಾರಿಕೊಂಡು ಹೋಗುತ್ತದೆ; ಮೀನು ಕಚ್ಚಿದರೆ ಮೆದು ಮೈ ಅದುಮಿಕೊಂಡು ಮೊನೆ ತಾನಾಗಿ ಹೊರಬರುತ್ತದೆ. ಇದಕ್ಕಾಗಿಯೇ ಹೊಟ್ಟೆಯಲ್ಲಿ ಸೀಳು ಬಿಟ್ಟ ಬೊಂಬೆಗಳೂ, ಒಳಗೆ ಪೂರ್ತಿ ಪೊಳ್ಳಾದ ಬೊಂಬೆಗಳೂ ಇವೆ.

ಹೊಟ್ಟೆಯ ಸೀಸದಿಂದ ಇನ್ನೊಂದು ಲಾಭ. ದೋಣಿಯ ಅಡಿಯ ಭಾರದಂತೆ ಅದು ಬೊಂಬೆಯನ್ನು ಮಗುಚದಂತೆ ಕಾಪಾಡುತ್ತದೆ. ತಲೆಯಲ್ಲಿ ಭಾರವಿದ್ದರೆ ಬೊಂಬೆ ಮೂತಿ ಕೆಳಗಾಗಿ ಮುಳುಗುತ್ತದೆ. ಹೊಟ್ಟೆಯಲ್ಲಿದ್ದರೆ ಮಟ್ಟವಾಗಿ ತೇಲಿಳಿಯುತ್ತದೆ.

ಕೊಕ್ಕೆಯ ಗಾತ್ರಕ್ಕೂ ವಿವೇಕ ಬೇಕು. ತೀರ ಚಿಕ್ಕದಾದರೆ ಬೊಂಬೆಯ ಮೈಯೇ ಬಾಗನ್ನು ತುಂಬಿಕೊಂಡು ಮೀನಿನ ತುಟಿಗೆ ಎಡೆ ಉಳಿಯದು. ತೀರ ದೊಡ್ಡದಾದರೆ ದಂಡ ಬಾಲದವರೆಗೆ ಚಾಚಿ ಆಟವೆಲ್ಲ ಸತ್ತುಹೋಗುತ್ತದೆ. ನೀರಿಗೆ ಎಸೆಯುವ ಮುನ್ನ ದೋಣಿಯ ಪಕ್ಕದಲ್ಲಿಯೇ ಎರಡು ಮಾರು ಎಳೆದು ನೋಡುವುದು ಅನುಭವಿಗಳ ಪದ್ಧತಿ. ಪೊಟ್ಟಣದಲ್ಲಿ ಮಡಿಸಿಕೊಂಡಿದ್ದ ಬಾಲ ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ನೇರಮಾಡಿ, ತಣ್ಣೀರಿಗೆ ಹಾಕುತ್ತಾರೆ; ಮತ್ತೆ ಮೊದಲಿನಂತಾಗುತ್ತದೆ. ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಈ ಬೊಂಬೆಗಳನ್ನು ತುಂಬಿಟ್ಟರೆ ಮೆದುಗೊಳಿಸುವ ಎಣ್ಣೆ ಒಸರಿ ಡಬ್ಬಿಯೇ ಕರಗುವುದೂ ಉಂಟು. ಆದ್ದರಿಂದ ಅವನ್ನು ತಂದ ಚೀಲದಲ್ಲಿಯೇ ಇಡುವುದು ಲೇಸು.

ಎಸೆದ ಮೇಲೆ ಮಾಡಬೇಕಾದುದು ಬಹಳ ಕಡಿಮೆ. ನಿಧಾನವಾಗಿ, ಒಂದೇ ಸಮನೆ ದಾರವನ್ನು ಸುತ್ತಬೇಕು. ಚಳಿನೀರಿನಲ್ಲಂತೂ ಇನ್ನೂ ನಿಧಾನ. ಬಾಲಕ್ಕೆ ಏನೋ ತಾಗಿದಂತಾದಾಗ ಹೊಸಬನು ಗಾಬರಿಯಿಂದ ಕೋಲನ್ನು ಜಗ್ಗಿಬಿಡುತ್ತಾನೆ. ಬೊಂಬೆ ಮೀನಿನ ಬಾಯಿಂದಲೇ ಕಿತ್ತುಬರುತ್ತದೆ. ಪಳಗಿದವನು ಸುತ್ತುತ್ತಲೇ ಇದ್ದು, ಭಾರ ಪೂರ್ತಿ ಕೋಲಿನ ಮೇಲೆ ಬಂದಾಗ ಮಾತ್ರ ಎತ್ತುತ್ತಾನೆ. ತಾಳಿದವನು ಬಾಳಿಯಾನು ಎಂಬ ಮಾತು ಈ ಗಳಿಗೆಗೂ ಸಲ್ಲುತ್ತದೆ.

ಟ್ರೌಟ್ ಮೀನಿನ ವೇಷ

ಡಿಕ್ಸನ್ ಜಲಾಶಯದ ಮೀನು ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ? ಇದಕ್ಕೊಂದು ಕಥೆಯಿದೆ. ಬಾಸ್ ಕ್ಯಾಲಿಫೋರ್ನಿಯದ ಮೂಲನಿವಾಸಿಯಲ್ಲ. ಬಾಸ್‌ನ ಬಗೆಗಳಲ್ಲೆಲ್ಲ ಹೆಚ್ಚು ದೊಡ್ಡದಾಗಿ ಬೆಳೆಯುವ ಫ್ಲಾರಿಡ ಬಾಸ್‌ನ ಮರಿಗಳನ್ನು ೧೯೫೯ರಲ್ಲಿ ಸ್ಯಾನ್ ಡಿಯೆಗೊ ನಗರದ ಸುತ್ತಲಿನ ಜಲಾಶಯಗಳಿಗೆ ತರಲಾಯಿತು. ಅದೇ ಜಲಾಶಯಗಳಿಗೆ ಚಳಿಗಾಲದಲ್ಲಿ ಹವ್ಯಾಸಿಗಳ ಸಂತೋಷಕ್ಕಾಗಿ ಟ್ರೌಟ್ ಎಂಬ ಸಾಕಿದ ಮೀನುಗಳನ್ನು ಲಾರಿಗಳಲ್ಲಿ ತಂದು ಬಿಡುವ ವಾಡಿಕೆಯಿತ್ತು. ಮನುಷ್ಯರಿಗಾಗಿ ತಂದ ಔತಣವನ್ನು ಬಾಸ್‌ಗಳು ಉಂಡವು! ಕೊಬ್ಬಿದ ಟ್ರೌಟ್‌ಗಳನ್ನು ತಿಂದು ಅವು ಕಂಡುಕೇಳದಷ್ಟು ಬೆಳೆದವು. ೧೯೭೩ರಲ್ಲಿ ಅಲ್ಲಿಯ ಮಿರಮಾರ್ ಜಲಾಶಯದಲ್ಲಿ ೨೦ ಪೌಂಡು ೧೫ ಔನ್ಸಿನ ಬಾಸ್ ಸಿಕ್ಕಿ, ಪೆರಿಯ ದಾಖಲೆ ಈ ಭಾಗದಲ್ಲಿಯೇ ಮುರಿದೀತೆಂಬ ಆಸೆ ಹುಟ್ಟಿತು.

ಅಂಗೈಯುದ್ದದ ಟ್ರೌಟ್ ತಿಂದು ಬೆಳೆದ ಮೀನು ಬೆರಳುದ್ದದ ಬೊಂಬೆಗೆ ಮರುಳಾದೀತೆ? ಹೀಗಾಗಿ ದಕ್ಷಿಣ ಕ್ಯಾಲಿಫೋರ್ನಿಯದವರು ಎಂಟು ಹತ್ತು ಅಂಗುಲದ ಟ್ರೌಟ್ ಬೊಂಬೆಗಳನ್ನು ಮಾಡತೊಡಗಿದರು. ಪಕ್ಕೆಯಲ್ಲಿ ಗುಲಾಬಿ ಪಟ್ಟೆ, ಬೆನ್ನಿನ ಮೇಲೆ ಕರಿಯ ಚುಕ್ಕೆ, ಗಾಜಿನಂಥ ಕಣ್ಣು. ಇಂಥ ಬೊಂಬೆಯ ಹೂಟವೂ ಬೇರೆ. ಇಷ್ಟು ಭಾರದ ಬೊಂಬೆ ಕೊಕ್ಕೆಗೆ ಬಿಗಿದಿದ್ದರೆ, ನೀರಿನಿಂದ ಮೇಲೆ ನೆಗೆದ ಮೀನು ತಲೆ ಕೊಡವಿದಾಗ ಆ ಭಾರವೇ ಸನ್ನೆಗೋಲಿನಂತಾಗಿ ಕೊಕ್ಕೆ ಕಿತ್ತುಬರುತ್ತದೆ. ಆದ್ದರಿಂದ ದಾರವನ್ನು ಬೊಂಬೆಯ ಮೂತಿಯಿಂದ ಒಳಕ್ಕೆ ತೂರಿಸಿ, ಹೊಟ್ಟೆಯಲ್ಲಿ ಹೊರತೆಗೆದು, ಅಲ್ಲಿ ಮೂರು ಮೊನೆಯ ಕೊಕ್ಕೆಗೆ ಕಟ್ಟುತ್ತಾರೆ. ಮೀನು ಸಿಕ್ಕಿದೊಡನೆ ಬೊಂಬೆ ಮಣಿಯಂತೆ ದಾರದ ಮೇಲಕ್ಕೆ ಜಾರುತ್ತದೆ. ಮೀನಿನ ಬಾಯಲ್ಲಿ ಉಳಿಯುವುದು ಕೊಕ್ಕೆ ಮಾತ್ರ.

ಒಂದಲ್ಲ, ಐದು!

೨೦೧೧ರ ಅಕ್ಟೋಬರ್ ತಿಂಗಳಲ್ಲಿ ಅಲಬಾಮ ರಾಜ್ಯದ ಗಂಟರ್ಸ್‌ವಿಲ್ ಜಲಾಶಯದಲ್ಲಿ ನಡೆದ ಪಂದ್ಯವೊಂದು ಈ ಲೋಕವನ್ನೇ ತಲ್ಲಣಗೊಳಿಸಿತು. ಪಾಲ್ ಎಲಿಯಾಸ್ ಎಂಬ ಹಿರಿಯ ಸ್ಪರ್ಧಿ ನಾಲ್ಕು ದಿನಗಳಲ್ಲಿ ಇಪ್ಪತ್ತು ಬಾಸ್‌ಗಳಿಂದ ೧೦೨ ಪೌಂಡು ೮ ಔನ್ಸು ತೂಗಿಸಿದ. ಅವನ ಕೈಯಲ್ಲಿದ್ದುದು ಕೊಡೆಯ ಕಡ್ಡಿಗಳಂತೆ ಹರಡಿದ ಐದು ತಂತಿಗಳ ಒಂದು ಸಾಧನ. ಒಂದೊಂದು ತಂತಿಯ ತುದಿಗೂ ಒಂದೊಂದು ಮೆದು ಮೀನು. ಎಳೆದರೆ ಪುಟ್ಟ ಮೀನುಗಳ ಒಂದು ಹಿಂಡೇ ಈಜಿಬಂದಂತೆ ತೋರುತ್ತಿತ್ತು. ‘ಅಲಬಾಮ ಹೂಟ’ವೆಂಬ ಹೆಸರು ಕೆಲವೇ ವಾರಗಳಲ್ಲಿ ಮನೆಮಾತಾಯಿತು.

ಅದರೊಂದಿಗೆ ವಿವಾದವೂ ಹುಟ್ಟಿತು. ಐದು ಕೊಕ್ಕೆ ಕಟ್ಟಿ ಎಳೆಯುವುದು ಬೇಟೆಯೇ, ಬಾಚುವುದೇ? ಚಾತುರ್ಯಕ್ಕೆ ಬೆಲೆಯೇನು ಉಳಿಯಿತು? ಬಾಸ್ ಪಂದ್ಯಗಳ ಪ್ರಮುಖ ಸಂಸ್ಥೆಯಾದ ‘ಬಿ.ಎ.ಎಸ್.ಎಸ್.’ ೨೦೧೨ರಲ್ಲಿ ತನ್ನ ಅತ್ಯುನ್ನತ ಪಂದ್ಯಗಳಿಂದ ಈ ಸಾಧನವನ್ನು ಹೊರಗಿಟ್ಟಿತು. ಕೆಲವು ರಾಜ್ಯಗಳಲ್ಲಿ ಒಂದು ದಾರಕ್ಕೆ ಇಷ್ಟೇ ಕೊಕ್ಕೆ ಎಂಬ ಕಾನೂನೇ ಇರುವುದರಿಂದ ಅಲ್ಲಿ ಉಳಿದ ಬೊಂಬೆಗಳನ್ನು ಕೊಕ್ಕೆಯಿಲ್ಲದೆ ಬರಿದೆ ತೇಲಿಸಬೇಕು. ಮೋಸದ ಆಟಕ್ಕೂ ಒಂದು ನ್ಯಾಯ ಬೇಕೆಂಬುದು ಇದರ ಇಂಗಿತ.

ಹಿಡಿದು ಬಿಡುವ ಧರ್ಮ

ಈ ನ್ಯಾಯದ ಮಾತಿಗೆ ಹಿನ್ನೆಲೆಯಿದೆ. ರೇ ಸ್ಕಾಟ್ ಎಂಬ ವಿಮಾ ಪ್ರತಿನಿಧಿ ೧೯೬೭ರಲ್ಲಿ ಅರ್ಕಾನ್ಸಾ ರಾಜ್ಯದ ಬೀವರ್ ಜಲಾಶಯದಲ್ಲಿ ಬಾಸ್ ಪಂದ್ಯವೊಂದನ್ನು ಏರ್ಪಡಿಸಿ, ಮರುವರ್ಷ ಆ ಸಂಸ್ಥೆಯನ್ನು ಕಟ್ಟಿದ. ಮೊದಮೊದಲು ಪಂದ್ಯ ಮುಗಿದಾಗ ಸತ್ತ ಮೀನುಗಳ ರಾಶಿಯೇ ಬೀಳುತ್ತಿತ್ತು. ೧೯೭೨ರಿಂದ ಸ್ಕಾಟ್ ಮೀನನ್ನು ಕೊಲ್ಲದೆ ಬಿಡುವ ನೀತಿಯನ್ನು ಆರಂಭಿಸಿದ. ದೋಣಿಗಳಲ್ಲಿ ಗಾಳಿಯಾಡಿಸಿದ ನೀರಿನ ತೊಟ್ಟಿಗಳು ಬಂದುವು. ಜೀವಂತ ತಂದ ಮೀನಿಗೆ ಹೆಚ್ಚು ಅಂಕ ಎಂದಾಯಿತು. ಪೆರಿಯ ಕಾಲದಲ್ಲಿ ಬಾಣಲೆಗೆ ಬೀಳುತ್ತಿದ್ದ ಮೀನು ಮುಂದಿನ ತಲೆಮಾರಿನಲ್ಲಿ ಮತ್ತೆ ನೀರಿಗೆ ಬಿದ್ದಿತು. ೧೯೯೧ರಲ್ಲಿ ಕ್ಯಾಲಿಫೋರ್ನಿಯದ ಕಸ್ಟೇಕ್ ಜಲಾಶಯದಲ್ಲಿ ಬಾಬ್ ಕ್ರೂಪಿ ಎಂಬಾತ ೨೨ ಪೌಂಡಿಗೂ ತುಸು ಮಿಗಿಲಾದ ಬಾಸ್ ಹಿಡಿದು, ತೂಗಿ, ಬಿಟ್ಟುಕೊಟ್ಟ.

ಜಪಾನಿನಲ್ಲಿ ಮಾತು ತಿರುಗುಮುರುಗು. ಅಲ್ಲಿಗೆ ೧೯೨೫ರಲ್ಲಿ ಅಮೆರಿಕದಿಂದ ತಂದ ಬಾಸ್ ದೇಶೀಯ ಮೀನುಗಳಿಗೆ ಕಂಟಕವಾಗಿ, ೨೦೦೫ರಲ್ಲಿ ಹಾನಿಕರವಾದ ಪರಕೀಯ ಜೀವಿಗಳ ಪಟ್ಟಿಗೆ ಸೇರಿತು. ಬಿವಾ ಸರೋವರದಲ್ಲಿ ಹಿಡಿದ ಬಾಸನ್ನು ಮತ್ತೆ ಬಿಡುವುದನ್ನು ೨೦೦೩ರಲ್ಲಿಯೇ ನಿಷೇಧಿಸಲಾಗಿತ್ತು. ಒಂದು ನಾಡಿನ ಪುಣ್ಯ ಇನ್ನೊಂದು ನಾಡಿನ ಅಪರಾಧವಾದ ಬಗೆಯಿದು.

ಬಿಟ್ಟ ಮೀನು ಬದುಕಿದರೂ, ಬಿಟ್ಟುಹೋದ ಬೊಂಬೆಯ ಗತಿಯೇನು? ನಾಲ್ಕಾರು ಕಡಿತಕ್ಕೆ ಬೊಂಬೆ ಹರಿಯುತ್ತದೆ. ಹರಿದುದನ್ನು ನೀರಿಗೆ ಎಸೆಯುವವರು ಇದ್ದೇ ಇದ್ದಾರೆ. ಹುಳು ಕೊಳೆತೀತು, ಮರವೂ ಕೊಳೆತೀತು, ಪ್ಲಾಸ್ಟಿಕ್ ಬೇಗನೆ ಕೊಳೆಯದು. ತಳದಲ್ಲಿ ಬಿದ್ದ ತುಣುಕನ್ನು ಮೀನು ನುಂಗಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿಯಬಹುದು. ಮೇನ್ ರಾಜ್ಯದ ಶಾಸನಸಭೆಯಲ್ಲಿ ೨೦೧೩ರಲ್ಲಿ ಇಂಥ ಎರೆಗಳನ್ನೇ ನಿಷೇಧಿಸುವ ಮಸೂದೆ ಬಂದಿತ್ತು. ಹವ್ಯಾಸಿಗಳ ವಿರೋಧ ಬಲವಾಗಿ, ನಿಷೇಧ ಜಾರಿಗೆ ಬರಲಿಲ್ಲ. ಸೀಸದ ಮಾತೂ ಹೀಗೆಯೇ. ಸಣ್ಣ ಸೀಸದ ಗುಂಡುಗಳನ್ನು ನುಂಗಿ ‘ಲೂನ್’ ಎಂಬ ನೀರುಹಕ್ಕಿಗಳು ಸಾಯುವುದನ್ನು ಕಂಡು ನ್ಯೂ ಹ್ಯಾಂಪ್‌ಶೈರ್, ಮೇನ್ ಮುಂತಾದ ರಾಜ್ಯಗಳು ಅವನ್ನು ನಿಷೇಧಿಸಿವೆ. ಅಲ್ಲಿ ಟಂಗ್‌ಸ್ಟನ್ ಮೊದಲಾದ ಲೋಹಗಳ ಗುಂಡುಗಳು ಬಳಕೆಗೆ ಬಂದಿವೆ. ಹರಿದ ಬೊಂಬೆಗಳನ್ನು ಕೂಡಿಟ್ಟು, ಮನೆಯಲ್ಲಿ ಮತ್ತೆ ಕರಗಿಸಿ ಹೊಸ ಮೀನು ಎರೆಯುವವರೂ ಇದ್ದಾರೆ. ಕ್ರೀಮ್ ದಂಪತಿಗಳ ಒಲೆ ಹೀಗೆ ಇನ್ನೂ ಆರಿಲ್ಲ.

ಡಿಕ್ಸನ್ ಜಲಾಶಯದ ಆ ಹೆಣ್ಣುಮೀನಿನ ಕಿವಿರಿನ ಕೆಳಗೆ ಒಂದು ಕರಿಯ ಮಚ್ಚೆಯಿತ್ತು. ಅದರಿಂದಾಗಿ ಜನ ಅದನ್ನು ‘ಡಾಟಿ’ ಎಂದು ಕರೆಯುತ್ತಿದ್ದರು. ಚುಕ್ಕೆಯವಳು ಎಂದು ಅರ್ಥ. ವೀಕ್ಲಿಯ ಗಾಳಕ್ಕಿಂತ ಮೊದಲೂ ಅದು ಎರಡು ಸಲ ಸಿಕ್ಕಿತ್ತು. ೨೦೦೧ರಲ್ಲಿ ೨೦ ಪೌಂಡು ೧೨ ಔನ್ಸು. ೨೦೦೩ರಲ್ಲಿ ವೀಕ್ಲಿಯ ಗೆಳೆಯರಲ್ಲೊಬ್ಬನಾದ ಜೆಡ್ ಡಿಕರ್‌ಸನ್ ಹಿಡಿದಾಗ ೨೧ ಪೌಂಡು ೧೧ ಔನ್ಸು. ಎರಡು ಸಲವೂ ಬಿಟ್ಟುದರಿಂದಲೇ ಅದು ಮೂರನೆಯ ಸಲ ೨೫ ಪೌಂಡಿಗೆ ಬೆಳೆದು ನಿಂತಿತು. ೨೦೦೮ರ ಮೇ ತಿಂಗಳಲ್ಲಿ ಅದು ಸತ್ತು ನೀರಿನ ಮೇಲೆ ತೇಲಿತು. ಮಚ್ಚೆಯನ್ನು ನೋಡಿ ಜನ ಗುರುತು ಹಿಡಿದರು.

ಪೆರಿ, ಕುರಿತಾ ಇಬ್ಬರ ಹೆಸರೂ ದಾಖಲೆಯ ಪುಸ್ತಕದಲ್ಲಿವೆ. ವೀಕ್ಲಿಯ ಮೀನಿನ ತೂಕ ಅಲ್ಲಿಲ್ಲ. ಆದರೂ ಇಂದಿಗೂ ಮೆದು ಬೊಂಬೆಯನ್ನು ಕೈಯಲ್ಲಿ ಹಿಡಿದು, ಮೊನೆ ನಡುಗೆರೆಯಲ್ಲಿಯೇ ಬಂದಿತೆ ಎಂದು ಬೆಳಕಿಗೆ ಎತ್ತಿ ನೋಡುವ ಹವ್ಯಾಸಿಗಳು ಆ ಮೀನಿನ ಕಥೆಯನ್ನು ಹೇಳಿಕೊಳ್ಳುತ್ತಾರೆ. ಬಾಯಿ ತೆರೆದು ನಂಬದ ಮೀನನ್ನು ತನ್ನದೆನ್ನದೆ ಬಿಟ್ಟುಕೊಟ್ಟವನ ಕಥೆಯದು.